‘ತುಂಬಾ ಚೆನ್ನಾಗಿದೆ’ ಎಂಬ ಅಭಿಪ್ರಾಯ ಸಾಲದು

ಮಹಿಳಾ ಕ್ರಿಕೆಟ್ ಕುರಿತು ವಿದ್ಯಾರ್ಥಿಗಳು ಮಾಡಿದ ಸಾಕ್ಷ್ಯಚಿತ್ರಕ್ಕೆ ಬಹುತೇಕರು ಐದಕ್ಕೆ ಐದು ಅಂಕ ಕೊಟ್ಟರು, ಹಾಗಾಗಿ ಅದು ಗುರಿ ಮುಟ್ಟಿದೆ ಎನ್ನುತ್ತದೆ ಆ ಚಿತ್ರದ ಬಗ್ಗೆ ಬಂದ ಒಂದು ಲೇಖನ. ಒಪ್ಪುವುದು ಕಷ್ಟ. ಕಾಲೇಜಿನ ಪ್ರದರ್ಶನಕ್ಕೆ ಬರುವವರು ಹೆಚ್ಚಾಗಿ ಸಹಪಾಠಿಗಳು, ಮನೆಯವರು; ಅವರು ಅಂಕ ಕೊಡುವುದು ಮಕ್ಕಳ ಶ್ರಮಕ್ಕೆ. ಪ್ರೇಕ್ಷಕರ ಅಭಿಪ್ರಾಯ ಕೇಳುವ ಫಾರಂನಲ್ಲಿ ‘ಚಿತ್ರತಂಡದವರ ಪರಿಚಯವಿದೆಯೇ?’ ಎಂದು ಕೇಳಿ, ಪರಿಚಯಸ್ಥರ ಉತ್ತರಗಳನ್ನು ಬೇರೆ ತೆಗೆದಿಡಬೇಕು.

‘ಇಷ್ಟವಾಯಿತೇ?’ ಬದಲು ‘ಯಾವ ದೃಶ್ಯ ನೆನಪಿದೆ, ಎಲ್ಲಿ ಬೇಸರವಾಯಿತು?’ ಎಂದು ಕೇಳಿ. ಒಂದೇ ಪ್ರಶ್ನೆಯನ್ನು ಪ್ರದರ್ಶನಕ್ಕೆ ಮುಂಚೆಯೂ ಆಮೇಲೂ ಹಾಕಿ: 1976ರಲ್ಲಿ ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು ಎಲ್ಲಿ, ನಾಯಕಿ ಯಾರು? ಬೆಂಗಳೂರು, ಶಾಂತಾ ರಂಗಸ್ವಾಮಿ ಎಂದು ಮುಂಚೆ ಎಷ್ಟು ಜನ ಬರೆದರು, ಆಮೇಲೆ ಎಷ್ಟು ಜನ ಎಂಬ ವ್ಯತ್ಯಾಸವೇ ನಿಜವಾದ ಅಳತೆ.

ಬರಹದ ಅಭಿಪ್ರಾಯಗಳನ್ನು ಒಂದೊಂದು ಚೀಟಿಗೆ ಇಳಿಸಿ, ಇಬ್ಬರು ಬೇರೆ ಬೇರೆ ಕುಳಿತು ಧ್ವನಿ, ಉದ್ದ, ವಿಷಯ ಎಂದು ವಿಂಗಡಿಸಲಿ. ತಾಳೆಯಾಗದ ಚೀಟಿಗಳನ್ನಷ್ಟೇ ಚರ್ಚಿಸಿದರಾಯಿತು. ‘ಮಾತು ಕೇಳಿಸಲಿಲ್ಲ’ ಎಂದು ಮೂವರು ಬರೆದರೂ ಸಾಕು, ಹಿನ್ನೆಲೆ ಸಂಗೀತವನ್ನು ಮಾತಿಗಿಂತ 15ರಿಂದ 20 ಡೆಸಿಬೆಲ್ ಕೆಳಗಿಳಿಸಿ. ಹೆಡ್‌ಫೋನ್‌ನಲ್ಲಿ ಸ್ಪಷ್ಟವಾಗಿದ್ದ ಮಾತು ಸಭಾಂಗಣದ ಪ್ರತಿಧ್ವನಿಯಲ್ಲಿ ಮುಳುಗಿಹೋಗುತ್ತದೆ.

‘ಪಾಪ, ಎಷ್ಟು ಕಷ್ಟಪಟ್ಟಿದ್ದಾರೆ’ ಎಂಬ ಚೀಟಿಗಳೇ ಹೆಚ್ಚಿದ್ದರೆ ದಯವಿಟ್ಟು ಖುಷಿಪಡಬೇಡಿ. ಆಟಗಾರ್ತಿ ಮೈದಾನದಲ್ಲಿರುವ ನಿಮಿಷಗಳೆಷ್ಟು, ಮನೆಯ ಕಷ್ಟ ಹೇಳಿಕೊಂಡ ನಿಮಿಷಗಳೆಷ್ಟು ಎಂದು ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್‌ನಲ್ಲಿ (ದೃಶ್ಯಗಳನ್ನು ಸಾಲಾಗಿ ಜೋಡಿಸುವ ಪಟ್ಟಿ) ಲೆಕ್ಕ ಹಾಕಿ. ಒಂದು ಕವರ್ ಡ್ರೈವ್ ಹೊಡೆತವನ್ನೂ ಪೂರ್ತಿ ತೋರಿಸದಿದ್ದರೆ ಪ್ರೇಕ್ಷಕರು ಅವಳ ಆಟ ಮೆಚ್ಚುವುದು ಹೇಗೆ? ಎರಡನೇ ಎಡಿಟ್ ಅಲ್ಲಿಂದಲೇ ಶುರುವಾಗಲಿ.