ಗರ್ಭಕಂಠ ಊದಿಕೊಂಡಾಗ ಡೂಲಾ ಏನು ಮಾಡಬೇಕು, ಯಾವುದಕ್ಕೆ ಕೈ ಹಾಕಬಾರದು

"ಆಗಲೇ 8 ಸೆಂಟಿಮೀಟರ್ ಆಗಿತ್ತು, ಈಗ 7 ಅಂತಿದ್ದಾರೆ. ಊದಿಕೊಂಡಿದೆಯಂತೆ." ಗರ್ಭಕಂಠ, ಅಂದರೆ ಗರ್ಭಕೋಶದ ಬಾಯಿ, ಎಷ್ಟು ತೆರೆದಿದೆ ಎಂಬ ಅಳತೆ ಇದು. ಹೆರಿಗೆ ಕೋಣೆಯಲ್ಲಿ ಈ ಮಾತು ಬಿತ್ತೆಂದರೆ ನೋವು ತಿನ್ನುತ್ತಿರುವವಳ ಧೈರ್ಯ ಅರ್ಧಕ್ಕರ್ಧ ಕುಸಿಯುತ್ತದೆ. ಪಕ್ಕದಲ್ಲಿ ಡೂಲಾ (ಹೆರಿಗೆಯುದ್ದಕ್ಕೂ ತಾಯಿಯ ಜೊತೆಗಿದ್ದು ಧೈರ್ಯ, ಆಸರೆ ಕೊಡುವ ಸಂಗಾತಿ; ವೈದ್ಯೆಯೂ ಅಲ್ಲ, ನರ್ಸೂ ಅಲ್ಲ) ಇದ್ದರೆ ಅವಳ ಕೆಲಸ ಶುರುವಾಗುವುದೇ ಇಲ್ಲಿಂದ. ಆದರೆ ಎಷ್ಟೋ ಡೂಲಾಗಳು ಇಲ್ಲೇ ಎಡವುತ್ತಾರೆ. ಗೊತ್ತಿರುವ ಉಪಾಯಗಳನ್ನೆಲ್ಲ ಒಂದೇ ಗಂಟೆಯಲ್ಲಿ ಸುರಿಯುತ್ತಾರೆ, ಊತ ಯಾಕೆ ಬಂತು ಅಂತ ಮಾತ್ರ ಕೇಳುವುದಿಲ್ಲ.

ಊತ ತಾನಾಗಿಯೇ ಹುಟ್ಟಿಕೊಳ್ಳುವ ಕಾಯಿಲೆಯಲ್ಲ, ಒತ್ತಡದ ಫಲ. ಮಗುವಿನ ತಲೆ ಒಂದು ಕಡೆ, ತಾಯಿಯ ಕಟಿಯ ಮುಂಭಾಗದ ಮೂಳೆ ಇನ್ನೊಂದು ಕಡೆ, ಇವೆರಡರ ನಡುವೆ ಗರ್ಭಕಂಠದ ಅಂಚು ಸಿಕ್ಕಿಕೊಳ್ಳುತ್ತದೆ. ಅಪಧಮನಿಯಲ್ಲಿ ರಕ್ತ ಬರುತ್ತಲೇ ಇರುತ್ತದೆ, ಸಿರೆಯಲ್ಲಿ ವಾಪಸ್ ಹೋಗಲು ದಾರಿ ಇರುವುದಿಲ್ಲ. ಬೆರಳಿಗೆ ದಾರ ಬಿಗಿದರೆ ತುದಿ ಊದುತ್ತದಲ್ಲ, ಹಾಗೆ. ಅದಕ್ಕೇ ಹೆಚ್ಚಾಗಿ ಊದುವುದು ಮುಂಭಾಗದ ಅಂಚು. 8 ಇದ್ದದ್ದು 7 ಆಯಿತು ಅಂದರೆ ಬಾಗಿಲು ಮತ್ತೆ ಮುಚ್ಚಿಕೊಂಡಿತು ಅಂತಲ್ಲ, ಅಂಚು ದಪ್ಪವಾಗಿದೆ ಅಂತ. (ಪರೀಕ್ಷೆ ಮಾಡಿದವರು ಬೇರೆಯಾಗಿದ್ದರೆ ಅಂದಾಜಿನಲ್ಲಿ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆಗುವುದೂ ಉಂಟು. ಇದನ್ನು ತಾಯಿಗೆ ಹೇಳಿದರೆ ಅವಳ ಉಸಿರು ಸ್ವಲ್ಪ ಹಗುರಾಗುತ್ತದೆ.)

ಒತ್ತಡ ಒಂದೇ ಕಡೆ ಬೀಳಲು ದೊಡ್ಡ ಕಾರಣ ಮಗುವಿನ ತಲೆ ಕೂತಿರುವ ರೀತಿ. ಗದ್ದ ಎದೆಗೆ ತಾಗುವಂತೆ ಬಾಗಿದ್ದರೆ ಸುಮಾರು 9.5 ಸೆಂ.ಮೀ. ಅಳತೆಯಲ್ಲಿ ಇಳಿಯುವ ತಲೆ, ಮಗು ತಾಯಿಯ ಹೊಟ್ಟೆಯತ್ತ ಮುಖ ಮಾಡಿ ಗದ್ದ ಎತ್ತಿದ್ದರೆ ಸುಮಾರು 11.5 ಸೆಂ.ಮೀ. ಅಳತೆಯಲ್ಲಿ ಬಂದು ಕೂರುತ್ತದೆ. ತಲೆ ಒಂದು ಪಕ್ಕಕ್ಕೆ ವಾಲಿದ್ದರೂ ಇದೇ ಕತೆ. ಜೊತೆಗೆ ಗಂಟೆಗಟ್ಟಲೆ ಅಂಗಾತ ಮಲಗುವುದು, ತುಂಬಿದ ಮೂತ್ರಕೋಶ, ಪೂರ್ತಿ ತೆರೆಯುವ ಮೊದಲೇ ಉಸಿರು ಕಟ್ಟಿ ಮುಕ್ಕಿಸುವುದು (ಮಗುವನ್ನು ಕೆಳಗೆ ತಳ್ಳಿಸುವುದು), ಮೇಲಿಂದ ಮೇಲೆ ಒಳಪರೀಕ್ಷೆ. ಕೊನೆಯ ಕಾರಣ ಎಲ್ಲಕ್ಕಿಂತ ಗಂಭೀರ: ಮಗು ಆ ದಾರಿಯಲ್ಲಿ ಇಳಿಯಲಾಗದೆ ಹೆರಿಗೆ ನಿಜವಾಗಿಯೂ ತಡೆದು ನಿಂತಿರುವುದು.

ಊತವಿದೆಯೋ ಇಲ್ಲವೋ ಎಂಬುದು ಒಳಪರೀಕ್ಷೆಯಲ್ಲಷ್ಟೇ ತಿಳಿಯುತ್ತದೆ, ಮತ್ತು ಆ ಪರೀಕ್ಷೆ ಡೂಲಾಳ ಕೆಲಸವಲ್ಲ. ಪರೀಕ್ಷೆ ಮಾಡಿದವರನ್ನು ಸರಿಯಾಗಿ ಕೇಳುವುದು ಅವಳ ಕೆಲಸ. ಊತ ಸುತ್ತಲೂ ಇದೆಯೋ, ಮುಂದಿನ ಅಂಚಿನಲ್ಲಿ ಮಾತ್ರವೋ? ಅಂಚು ತೆಳ್ಳಗೆ ಮೆತ್ತಗಿದೆಯೋ, ದಪ್ಪಗಾಗಿದೆಯೋ? ಮಗುವಿನ ಮುಖ ಯಾವ ಕಡೆ, ತಲೆ ಎಷ್ಟು ಇಳಿದಿದೆ? ತಲೆಯ ಮೇಲೆ ಊತ ಅಥವಾ ತಲೆಮೂಳೆಗಳು ಒಂದರ ಮೇಲೊಂದು ಏರಿದ್ದು ಸಿಗುತ್ತಿದೆಯೇ? 9 ಸೆಂ.ಮೀ. ಆದಮೇಲೆ ಮುಂದೆ ತೆಳ್ಳಗೆ ಉಳಿದ ಅಂಚು ಎಷ್ಟೋ ಸಲ ಕೆಲವೇ ನೋವುಗಳಲ್ಲಿ ತಾನೇ ಸರಿಯುತ್ತದೆ. 6–7ರಲ್ಲಿ ಸುತ್ತಲೂ ದಪ್ಪಗಾಗಿದ್ದರೆ ಅದು ಬೇರೆಯೇ ಲೆಕ್ಕ.

ಮೊದಲು ಮೂತ್ರ. ತೀರಾ ಸಣ್ಣ ವಿಷಯ ಅಂತ ಎಲ್ಲರೂ ಬಿಡುವುದು ಇದನ್ನೇ. ಎರಡು ಗಂಟೆಗೊಮ್ಮೆಯಾದರೂ ಎಬ್ಬಿಸಿ ಕಳಿಸಿ. ನಲ್ಲಿ ಬಿಟ್ಟು, ಮುಂದಕ್ಕೆ ಬಾಗಿ ಕೂರಿಸಿದರೂ ಬರದಿದ್ದರೆ ನರ್ಸ್‌ಗೆ ಹೇಳಿ, ಕ್ಯಾತಿಟರ್ (ಮೂತ್ರ ತೆಗೆಯುವ ನಳಿಕೆ) ಹಾಕುವ ನಿರ್ಧಾರ ಅವರದು.

ಆಮೇಲೆ ಭಂಗಿ. ಇಲ್ಲಿ ನಮ್ಮದೊಂದು ತಕರಾರಿದೆ. "ಓಡಾಡು, ಬಾಲ್ ಮೇಲೆ ಕೂತು ಕುಣಿ, ಕುಕ್ಕರುಗಾಲಲ್ಲಿ ಕೂರು" ಎನ್ನುವುದು ಹೆರಿಗೆಯ ಬೇರೆ ಹೊತ್ತಿನಲ್ಲಿ ಒಳ್ಳೆಯ ಸಲಹೆ. ಊದಿದ ಅಂಚಿನ ಮೇಲೆ ಅದು ತಲೆಯ ಭಾರವನ್ನು ಇನ್ನಷ್ಟು ಹೇರುತ್ತದೆ. ಈಗ ಬೇಕಿರುವುದು ಭಾರ ಇಳಿಸುವ ಭಂಗಿ, ಅಂದರೆ ಸೊಂಟ ಮೇಲೆ, ಎದೆ ಕೆಳಗೆ.

ಎರಡು ನೋವುಗಳ ನಡುವಿನ ಬಿಡುವಿನಲ್ಲಿ ಅವಳನ್ನು ಅಂಬೆಗಾಲಿಗೆ ತನ್ನಿ. ಮೊಣಕಾಲ ಕೆಳಗೆ ಮಡಿಸಿದ ಹೊದಿಕೆ ಇರಲಿ. ಮೊಣಕಾಲುಗಳನ್ನು ಸೊಂಟಕ್ಕಿಂತ ತುಸು ಅಗಲ ಮಾಡಿ, ಹೊಟ್ಟೆಯಿಂದ ಹಿಂದಕ್ಕೆ ಸರಿಸಿ. ತೊಡೆ ಮತ್ತು ಹೊಟ್ಟೆಯ ನಡುವಿನ ಕೋನ 90 ಡಿಗ್ರಿಗಿಂತ ಹೆಚ್ಚಿರಬೇಕು. ನಂತರ ಎದೆಯನ್ನು ದಿಂಬಿಗೆ ಇಳಿಸಿ, ಮುಖ ಒಂದು ಪಕ್ಕಕ್ಕೆ. ಪೃಷ್ಠ ಎಲ್ಲಕ್ಕಿಂತ ಎತ್ತರ. ಸಾಮಾನ್ಯವಾಗಿ ಆಗುವ ತಪ್ಪು ಏನೆಂದರೆ ಸುಸ್ತಾದವಳು ಮೊಣಕಾಲನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು ಮುದುಡುತ್ತಾಳೆ. ನೋಡಲು ಅದೇ ಭಂಗಿಯಂತೆ ಕಂಡರೂ ಮಗುವಿಗೆ ಹಿಂದೆ ಸರಿದು ತಿರುಗಲು ಜಾಗ ಉಳಿಯುವುದಿಲ್ಲ. 30ರಿಂದ 40 ನಿಮಿಷ ಹೀಗಿರುವುದು ಸುಲಭವಲ್ಲ, ಪ್ರತಿ ನೋವಿನಲ್ಲೂ ಯಾರಾದರೂ ಭುಜಕ್ಕೆ ಆಸರೆ ಕೊಡಬೇಕು. ಮಾನಿಟರ್ ಬೆಲ್ಟ್ ಜಾರುತ್ತದೆ, ಡ್ರಿಪ್ ಪೈಪ್ ತಿರುಚಿಕೊಳ್ಳುತ್ತದೆ. ಆದ್ದರಿಂದ ನರ್ಸ್‌ಗೆ ಮೊದಲೇ ತಿಳಿಸಿ, ಅವರು ಒಪ್ಪಿದರೆ ಬೆಲ್ಟನ್ನು ಕೈಯಲ್ಲೇ ಹಿಡಿದುಕೊಳ್ಳಿ. ತಲೆ ಸುತ್ತಿದರೆ, ಮಗುವಿನ ಎದೆಬಡಿತ ಕುಸಿದರೆ ತಕ್ಷಣ ಭಂಗಿ ಬಿಡಿಸಿ, ಸಿಬ್ಬಂದಿಯನ್ನು ಕರೆಯಿರಿ.

ಅದು ಆದಮೇಲೆ ಮಗ್ಗುಲು. ಕೆಳಗಿನ ಕಾಲು ನೇರ, ಮೇಲಿನ ಕಾಲು ಮಡಿಸಿ ಎರಡು ದಿಂಬಿನ ಮೇಲೆ, ಹೊಟ್ಟೆ ಅರ್ಧ ಹಾಸಿಗೆಯತ್ತ ವಾಲಿರಲಿ. ಅರ್ಧ ಗಂಟೆಗೊಮ್ಮೆ ಪಕ್ಕ ಬದಲಿಸಿ. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಮದ್ದು) ತೆಗೆದುಕೊಂಡವಳಿಗೆ ಅಂಬೆಗಾಲು ಕಷ್ಟವಾದರೆ ಕಾಲುಗಳ ನಡುವೆ ಪೀನಟ್ ಬಾಲ್ (ಕಡಲೆಕಾಯಿ ಆಕಾರದ ಗಾಳಿಚೆಂಡು) ಇಟ್ಟು ಇದನ್ನೇ ಮಾಡಬಹುದು. ಸ್ವಾಧೀನವಿಲ್ಲದ ಕಾಲನ್ನು ಒಬ್ಬರೇ ಎತ್ತಿ ತಿರುಗಿಸಲು ಹೋಗಬೇಡಿ, ಸೊಂಟದ ಕೀಲು ಉಳುಕಬಹುದು.

ಇನ್ನು ಆ ಪ್ರಸಿದ್ಧ ಆಜ್ಞೆ: "ಮುಕ್ಕಬೇಡ!" ಇಷ್ಟು ನಿಷ್ಪ್ರಯೋಜಕವಾದ ಮಾತು ಹೆರಿಗೆ ಕೋಣೆಯಲ್ಲಿ ಇನ್ನೊಂದಿಲ್ಲ. ತಲೆ ಕೆಳಗೆ ಒತ್ತಿದಾಗ ಬರುವ ಆ ಮುಕ್ಕುವ ತವಕ ಬೇಕೆಂದು ಬರುವುದಲ್ಲ, ಅನೈಚ್ಛಿಕ ಪ್ರತಿಕ್ರಿಯೆ. ಮಾಡಬೇಡ ಅನ್ನುವ ಬದಲು ಬಾಯಿಗೆ ಬೇರೆ ಕೆಲಸ ಕೊಡಿ. ಅವಳ ಮುಖದೆದುರು ಕೂತು, ಕಣ್ಣು ಸೇರಿಸಿ, ನೀವೇ ಮಾಡಿ ತೋರಿಸಿ: "ಹ, ಹ, ಹೂ... ಹ, ಹ, ಹೂ...". ಗದ್ದ ತುಸು ಮೇಲೆ, ತುಟಿ ಸಡಿಲ. ಗಂಟಲು ತೆರೆದಿರುವಾಗ ಉಸಿರು ಕಟ್ಟಿ ಮುಕ್ಕಲು ಆಗುವುದಿಲ್ಲ. ಬೆರಳ ತುದಿ ಜುಮ್ಮೆಂದರೆ, ತಲೆ ಹಗುರಾದಂತಾದರೆ ಉಸಿರಾಟ ಅತಿಯಾಗಿದೆ ಎಂದರ್ಥ. ಹೊರಬಿಡುವ ಉಸಿರನ್ನು ಉದ್ದ ಮಾಡಿಸಿ, ಬಿಡುವಿನಲ್ಲಿ ಮಾಮೂಲಿ ಉಸಿರಿಗೆ ಇಳಿಸಿ. ನೋವಿನ ತುದಿಯಲ್ಲಿ ದೇಹ ತಾನಾಗಿ ಒಮ್ಮೆ ಮುಕ್ಕಿದರೆ ಗದರಬೇಡಿ. ತಪ್ಪಿಸಬೇಕಾದದ್ದು ಹತ್ತರವರೆಗೆ ಎಣಿಸಿ ಉಸಿರು ಕಟ್ಟಿಸುವುದನ್ನು. ತಡೆಯಲು ಸಾಧ್ಯವೇ ಇಲ್ಲ ಅನ್ನುವ ಹಂತದಲ್ಲಿ ಎಪಿಡ್ಯೂರಲ್ ಒಳ್ಳೆಯ ಆಯ್ಕೆಯೇ. ಅದನ್ನು ಸೋಲು ಎಂಬಂತೆ ನೋಡುವ ಡೂಲಾ ಆ ಹೊತ್ತಿನಲ್ಲಿ ತಾಯಿಯ ಪರವಾಗಿಲ್ಲ.

ವೈದ್ಯರು ಒಪ್ಪಿದರೆ ಬೆಚ್ಚಗಿನ ನೀರಿನ ತೊಟ್ಟಿಯೂ ಭಾರ ಇಳಿಸುತ್ತದೆ. ನೀರು 37.5 ಡಿಗ್ರಿ ಸೆಲ್ಸಿಯಸ್ ದಾಟಬಾರದು.

ಡೂಲಾ ನೋವು ಎಣಿಸಿ ಬರೆದಿಡುವುದೂ ಉಪಯೋಗಕ್ಕೆ ಬರುತ್ತದೆ. ಹತ್ತು ನಿಮಿಷದಲ್ಲಿ ಐದಕ್ಕಿಂತ ಹೆಚ್ಚು ನೋವು ಬರುತ್ತಿದ್ದರೆ, ಅದರಲ್ಲೂ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಡ್ರಿಪ್ ಓಡುತ್ತಿದ್ದರೆ, ಆಗಲೇ ಸಿಬ್ಬಂದಿಗೆ ಹೇಳಬೇಕು. ಡ್ರಿಪ್ ಕಡಿಮೆ ಮಾಡಬಹುದೇ ಎಂದು ತಾಯಿ ಕೇಳಲಿ, ನಿರ್ಧಾರ ವೈದ್ಯರದು. ಒಳಪರೀಕ್ಷೆಯ ವಿಷಯದಲ್ಲೂ ಹೀಗೇ. ಎಲ್ಲವೂ ಸರಿಯಿದ್ದಾಗ ಸಕ್ರಿಯ ಹಂತದಲ್ಲಿ (5 ಸೆಂ.ಮೀ. ಆದಮೇಲೆ) ನಾಲ್ಕು ಗಂಟೆಗೊಮ್ಮೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸು ಹೇಳುತ್ತದೆ. "ಈಗ ನೋಡಿದರೆ ಮುಂದಿನ ನಿರ್ಧಾರ ಬದಲಾಗುತ್ತದೆಯೇ? ಇಲ್ಲದಿದ್ದರೆ ಒಂದು ಗಂಟೆ ಭಂಗಿ ಬದಲಿಸಿ ನೋಡಬಹುದೇ?" ಎನ್ನುವ ಪ್ರಶ್ನೆಯನ್ನು ತಾಯಿಯ ಬಾಯಿಗೆ ಕೊಟ್ಟರೆ ಸಾಕು. ಡೂಲಾ ತಾನೇ ವಾದಕ್ಕೆ ನಿಂತರೆ ಕೋಣೆಯ ವಾತಾವರಣ ಕೆಡುತ್ತದೆ, ನಷ್ಟ ತಾಯಿಗೇ.

ಕೈ ಹಾಕಬಾರದ ಕೆಲಸಗಳೂ ಇವೆ. ಕೈಗವಸಿನಲ್ಲಿ ಐಸ್ ತುಂಬಿ ಒಳಗಿಡುವುದು, ಆರ್ನಿಕಾ ಎಂಬ ಹೋಮಿಯೋಪತಿ ಗುಳಿಗೆ, ಯಾವುದೋ ಎಣ್ಣೆ ಹಚ್ಚುವುದು, ಇವೆಲ್ಲ ಕೈಯಿಂದ ಕೈಗೆ ಬಂದ ಉಪಾಯಗಳು, ಡೂಲಾಳ ಚೀಲದಲ್ಲಿ ಇರಕೂಡದು. ಅಂಚನ್ನು ಬೆರಳಿನಿಂದ ಮೇಲಕ್ಕೆ ಸರಿಸುವುದು ತರಬೇತಾದ ವೈದ್ಯರ, ಸೂಲಗಿತ್ತಿಯರ ಕೆಲಸ. ತುಂಬ ನೋವಾಗುತ್ತದೆ, ಊದಿದ ಅಂಚು ಹರಿದು ರಕ್ತಸ್ರಾವ ಆಗಬಹುದು. ಮಾಡುವ ಮೊದಲು ತಾಯಿಯ ಒಪ್ಪಿಗೆ ಕೇಳಿದರೇ ಇಲ್ಲವೇ ಎಂದು ಗಮನಿಸುವುದಷ್ಟೇ ಡೂಲಾಳ ಪಾಲು.

ಕೆಲವು ಲಕ್ಷಣ ಕಂಡರೆ ಭಂಗಿ, ಉಸಿರು ಎಲ್ಲ ಪಕ್ಕಕ್ಕಿಟ್ಟು ಸಿಬ್ಬಂದಿಯನ್ನು ಕೂಗಬೇಕು. ಎರಡು ನೋವುಗಳ ನಡುವೆಯೂ ಬಿಡದ ನೋವು, ಜ್ವರ, ತಾಜಾ ರಕ್ತ, ಮೂತ್ರದಲ್ಲಿ ರಕ್ತ, ಹಸಿರು ಅಥವಾ ಕಂದು ನೀರು, ಹಿಂದಿನ ಸಿಸೇರಿಯನ್ ಗಾಯದ ಜಾಗದಲ್ಲಿ ಹೊಸ ನೋವು. ನೋವು ಜೋರಾಗಿದ್ದೂ ತಲೆ ಇಳಿಯದೆ, ತಲೆಯ ಮೇಲಿನ ಊತ ಮತ್ತು ಮೂಳೆ ಏರುವಿಕೆ ಎರಡೂ ಹೆಚ್ಚುತ್ತಿದ್ದರೆ ಅದು ದಾರಿ ಕಟ್ಟಿದ ಹೆರಿಗೆಯ ಗುರುತು. ಅಲ್ಲಿ "ಇನ್ನೊಂದು ಗಂಟೆ ಕಾಯೋಣ" ಎಂದು ತಾಯಿಯ ತಲೆಯಲ್ಲಿ ತುಂಬುವುದು ಅಪಾಯ. ಅದೇ 2018ರ ಶಿಫಾರಸಿನ ಪ್ರಕಾರ 5 ಸೆಂ.ಮೀ. ಆದಮೇಲಿನ ಸಕ್ರಿಯ ಹಂತ ಚೊಚ್ಚಲಿನಲ್ಲಿ ಸಾಮಾನ್ಯವಾಗಿ 12 ಗಂಟೆ, ನಂತರದ ಹೆರಿಗೆಗಳಲ್ಲಿ 10 ಗಂಟೆ ಮೀರುವುದಿಲ್ಲ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಗಂಟೆಗೆ ಒಂದು ಸೆಂಟಿಮೀಟರ್ ಆಗಲೇಬೇಕೆಂಬ ಹಟವೂ ಬೇಡ.

ಪಕ್ಕದಲ್ಲಿ ಒಬ್ಬರು ಕೊನೆಯವರೆಗೆ ಇರುವುದರಿಂದ ಏನಾಗುತ್ತದೆ ಎನ್ನುವವರಿಗೆ 2017ರ ಕಾಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಸಂಸ್ಥೆ) ವಿಮರ್ಶೆ ಉತ್ತರ ಕೊಡುತ್ತದೆ. 15 ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ, ನಿರಂತರ ಬೆಂಬಲ ಇದ್ದವರಲ್ಲಿ ಹೆರಿಗೆ ತುಸು ಬೇಗ ಮುಗಿದಿತ್ತು, ಸಿಸೇರಿಯನ್ ಕಡಿಮೆ ಇತ್ತು.

ಎಲ್ಲ ಮಾಡಿಯೂ ಸಿಸೇರಿಯನ್ ಆಯಿತು ಅಂದುಕೊಳ್ಳಿ. ಡಿಸ್ಚಾರ್ಜ್ ಪತ್ರದಲ್ಲಿ ಬರೀ "ಹೆರಿಗೆ ಮುಂದುವರಿಯಲಿಲ್ಲ" ಎಂದಿದ್ದರೆ, ಎಷ್ಟು ಸೆಂ.ಮೀ.ನಲ್ಲಿ ನಿಂತಿತು, ಎಷ್ಟು ಗಂಟೆ, ಮಗುವಿನ ಮುಖ ಯಾವ ಕಡೆಗಿತ್ತು, ಊತ ಎಲ್ಲಿತ್ತು ಎಂಬುದನ್ನೂ ಕೇಳಿ ಬರೆಸಿಕೊಳ್ಳಲು ತಾಯಿಗೆ ನೆನಪಿಸಿ. ಮಗು ವಾಲಿ ಕೂತಿದ್ದರಿಂದ ಬಂದ ಊತಕ್ಕೂ ಗರ್ಭಕಂಠದ ದೋಷಕ್ಕೂ ಸಂಬಂಧವಿಲ್ಲ. ಮುಂದಿನ ಬಸಿರಿನಲ್ಲಿ ವೈದ್ಯರ ಎದುರು ಕೂತಾಗ ಆ ನಾಲ್ಕು ಸಾಲು ಬೇಕಾಗುತ್ತದೆ.