ಭಟ್ರ ಮನೆಗೆ ಕೋಳಿ ಬಲೆ

ಬೆಂಗಳೂರಲ್ಲಿರೋ ನಮ್ಮ ನೆಂಟ್ರ ಮನೇಲೆಲ್ಲ ಈಗ ಹಳ್ಳಿ ಲುಕ್ಕೇ ಲುಕ್ಕು. ಹಳೇ ಲಾಟೀನು, ಗೋಣಿತಾಟಿನ ಟೇಬಲ್ ಕ್ಲಾತು, ಕೋಳಿಗೂಡಿಗೆ ಹಾಕೋ ತಂತಿ ಬಲೇಲಿ ಮಾಡಿದ ಲ್ಯಾಂಪು, ಅದಕ್ಕೆ ಅವ್ರು ಕೊಟ್ಟ ದುಡ್ಡಲ್ಲಿ ಶಿರಸಿ ಕಡೆ ತರಕಾರಿ ಹಿತ್ಲಿಗೆ ಸುತ್ತ ಬೇಲಿ ಹಾಕಿಸ್ಬಹುದಿತ್ತು. ನಾವಿರೋದು ಹಳ್ಳೀಲೇ, ಮಣ್ಣಿನ ಗೋಡೆ, ಹಂಚಿನ ಮಾಡು, ಜಗಲಿ ಎಲ್ಲ ಒರಿಜಿನಲ್ಲು. ಆದ್ರೆ ಜಗಲೀಲಿ ಕಾಣೋದು ಮಾತ್ರ ಪ್ಲಾಸ್ಟಿಕ್ ಕುರ್ಚಿ, ಸೊಸೈಟಿ ಕ್ಯಾಲೆಂಡರು, ಟ್ಯೂಬ್‌ಲೈಟು. ಹಳ್ಳಿ ಮನೆಗೂ ಸ್ವಲ್ಪ ಹಳ್ಳಿ ಲುಕ್ ಕೊಡೋಣ ಅಂತ ಹೊರಟವಳು ನಾನು.

ಶಿರಸಿ ಪೇಟೇಲಿ ಅಂಗಡಿಯವ್ರು, "ಎಷ್ಟು ಕೋಳಿ ಇದೆ ಅಕ್ಕಾ? ಮರಿ ಆದ್ರೆ ಅರ್ಧ ಇಂಚಿಂದು ತಗೊಳ್ಳಿ, ದೊಡ್ಡದಾದ್ರೆ ಒಂದಿಂಚು ಸಾಕು" ಅಂದ್ರು. ಕೋಳಿ ಇಲ್ಲ, ಲ್ಯಾಂಪ್ ಮಾಡ್ಲಿಕ್ಕೆ ಅಂದೆ. ಅವ್ರು ನನ್ನ ಮುಖ ನೋಡಿದ್ರು, ನಮ್ಮ ಮನೆಯವ್ರ ಪರಿಚಯ ಇದ್ದವ್ರು ಬೇರೆ, ಆಮೇಲೆ ದನಿ ಇಳಿಸಿ "ಆಯ್ತು ಬಿಡಿ, ನಾನ್ಯಾಕೆ ಯಾರಿಗೆ ಹೇಳ್ಲಿ" ಅಂದ್ರು!

ಅವ್ರು ಹೇಳ್ಲಿಲ್ಲ, ಬಸ್ಸು ಹೇಳ್ತು. ಸುರುಳಿ ಕಟ್ಟಿದ ಬಲೆಗೆ ಬಿಚ್ಕೊಳ್ಳೋದೊಂದೇ ಯೋಚನೆ, ಹಗ್ಗ ಸಡಿಲ ಆಗಿದ್ದೇ ತಡ ಅದ್ರ ತುದಿ ಮುಂದಿನ ಸೀಟಿನ ಅಜ್ಜಿ ಸೆರಗಿಗೆ ಸಿಕ್ಕಿ, ಅದನ್ನ ಬಿಡಿಸ್ಲಿಕ್ಕೆ ಬಂದ ಇನ್ನೊಬ್ರ ಶಾಲಿಗೆ ಸಿಕ್ಕಿ, ಇಡೀ ಬಸ್ಸಲ್ಲಿ ಇದು ಯಾರ ಮನೆ ಕೋಳಿ ಬಲೆ ಅನ್ನೋದೇ ಮಾತು. ಮನೆ ಮುಟ್ಟೋದ್ರೊಳಗೆ ಫೋನ್ ಬಂದಾಗಿತ್ತು. ಅತ್ತೆ ದಣಪೆ ಹತ್ರಾನೇ ನಿಂತಿದ್ರು. "ಕೋಳಿ ಬಲೆ ತಗಂಡ್ಯಡ, ಹೌದನೇ?"

1844ರಲ್ಲಿ ಇಂಗ್ಲೆಂಡಿನ ನಾರ್ವಿಚ್ಚಲ್ಲಿ ಚಾರ್ಲ್ಸ್ ಬರ್ನಾರ್ಡ್ ಅನ್ನೋ ಕಬ್ಬಿಣ ವ್ಯಾಪಾರಿ ಬಟ್ಟೆ ನೇಯೋ ಮಗ್ಗ ನೋಡಿ ಈ ಕೋಳಿ ಬಲೆ ಹೆಣೆಯೋ ಯಂತ್ರ ಮಾಡಿದ್ನಂತೆ. ಅವನ ಮನೇಲಿ ಕೋಳಿ ಇತ್ತೋ ಇಲ್ವೋ, ಇಷ್ಟು ವಿಚಾರಣೆ ಅಂತೂ ನಡೆದಿರ್ಲಿಕ್ಕಿಲ್ಲ.

ಗುಂಡಗೆ ಬರ್ಲಿ ಅಂತ ಬಲೇನ ತಾಮ್ರದ ಕೊಡಪಾನಕ್ಕೆ ಸುತ್ತಿ, ಇಕ್ಕಳದಲ್ಲಿ ಒಂದೊಂದೇ ತುದಿ ತಿರುಪಿ ಬಿಗಿ ಮಾಡ್ತಾ ಬಂದೆ. ತಂತಿ ಸಪೂರ, ಹೇಳಿದ ಹಾಗೆ ಬಗ್ತದೆ, ಕೊಯ್ದ ತುದಿ ಒಳಗೆ ಮಡಚಿದ್ರೆ ಕೈಗೂ ಚುಚ್ಚೋದಿಲ್ಲ. ಹೊಟ್ಟೆ ಆಯ್ತು, ಬುಡ ಆಯ್ತು, ಕಂಠಕ್ಕೂ ಚಂದ ಮಾಡಿ ಬಿಗಿದೆ. ಎಷ್ಟು ಚಲೋ ಆಯ್ತು ಅಂದ್ರೆ ಕೊಡಪಾನ ಹೊರಗೆ ಬರ್ಲಿಲ್ಲ. ಅತ್ತೆಗೆ ದೇವ್ರ ಪೂಜೆ ನೀರಿಗೆ ಅದೇ ಕೊಡ ಆಗ್ಬೇಕು. ಇವ್ರು ಬಂದು ನೋಡಿ, "ಪಾಪ, ಎಂತ ಕೇಸಿನ ಮೇಲೆ ಒಳಗೆ ಹಾಕಿದ್ದು?" ಅಂತ ಕೇಳಿ ಹೋದ್ರು. ಬುಡ ಕೊಯ್ದು ಕೊಡ ಬಿಡಿಸಿದೆ. ಆ ತರ ಬಲೇಲಿ ಒಂದು ತಂತಿ ಕೊಯ್ದ್ರೆ ಉಳಿದದ್ದು ಬಿಚ್ಕೊಳ್ಳೋದಿಲ್ಲ, ತಿರುಪಿ ಹೆಣೆದಿರ್ತಾರೆ, ಅಷ್ಟು ಪುಣ್ಯ.

ಒಳಗೆ ಸೀರಿಯಲ್ ಲೈಟ್ ಹಾಕಿ ಜಗಲೀಲಿ ತೂಗಿಸಿದ್ದೆ. ಒಂದಿನ ನೋಡ್ತೇನೆ, ಲೈಟು ಮೊಳೆ ಮೇಲೆ, ಲ್ಯಾಂಪು ಅಂಗಳದಲ್ಲಿ ಹಲಸಿನ ಹಪ್ಪಳದ ಮೇಲೆ ಬೋರಲು! ಕಾಗೆ ಸುತ್ತ ಸುತ್ತ ಹಾರ್ತಾ ಇದೆ, ಒಂದು ಹಪ್ಪಳ ಸಿಗ್ಲಿಲ್ಲ ಅದಕ್ಕೆ. ಅತ್ತೆಗೆ ಬಲೆ ಮೇಲೆ ಪ್ರೀತಿ ಬಂದಿದ್ದೇ ಅವತ್ತು. ಅದೇ ಬಲೇಲಿ ಫೋಟೋ ಸಿಕ್ಕಿಸ್ಲಿಕ್ಕೆ ಮಾಡಿದ ಫ್ರೇಮಲ್ಲಿ ಈಗ ಕರೆಂಟ್ ಬಿಲ್ಲು, ಹೂವಿನ ಬುಟ್ಟೀಲಿ ಈರುಳ್ಳಿ.

ಕಾರವಾರದ ನಾದಿನಿಗೊಂದು ಲ್ಯಾಂಪ್ ಕೊಟ್ಟಿದ್ದೆ, ಸಮುದ್ರದ ಕಡೆ ಬಾಲ್ಕನೀಲಿ ತೂಗಿಸಿದ್ಲು. ಈ ಕಬ್ಬಿಣದ ತಂತಿಗಿರೋ ಸತುವಿನ ಲೇಪ ಉಪ್ಪುಗಾಳಿಗೆ ಎಷ್ಟು ದಿನ ತಡೀತದೆ? ಮಳೆಗಾಲ ಅರ್ಧ ಆಗೋದ್ರೊಳಗೆ ಕೊಯ್ದ ತುದಿ ಎಲ್ಲ ಕಂದು. ಪಕ್ಕದ ಫ್ಲ್ಯಾಟಿನವ್ರು ಬಂದು ಈ ಆಂಟಿಕ್ ಕಲರು ಯಾವ ಪೇಂಟು ಅಂತ ಕೇಳಿದ್ರಂತೆ.

ಉಳಿದ ಬಲೇನ ಚೌತಿಗೆ ಫಲಾವಳಿ, ಅಂದ್ರೆ ಗಣಪತಿ ಮೇಲೆ ಕಾಯಿ-ಹಣ್ಣು ತೂಗಿಸೋ ಚಪ್ಪರ, ಕಟ್ಲಿಕ್ಕೆ ತಗೊಂಡೆ. ಅಡಿಕೆ ಮರ ಸೀಳಿದ ದಬ್ಬೆ ಕಡಿದು ಚೌಕ ಕಟ್ಟೋ ರಗಳೆ ಯಾಕೆ, ಎಷ್ಟೊಂದು ಕಣ್ಣಿದೆ, ಬೇಕಾದಲ್ಲಿ ಕಟ್ಬಹುದು ಅಂತ. ಹಾಗಲಕಾಯಿ, ಹೀರೇಕಾಯಿ, ಅಡಿಕೆ ಹೂವಿನ ಸಿಂಗಾರ ಕಟ್ಟೋವರೆಗೆ ಏನೂ ಇಲ್ಲ. ಮೊಗೆಕಾಯಿ, ತೆಂಗಿನಕಾಯಿ ಕಟ್ಟಿದ್ದೇ ಬಲೆ ತೊಟ್ಟಿಲ ಹಾಗೆ ಜೋತು ಬಿತ್ತು, ಮೊಗೆಕಾಯಿ ಸೀದಾ ಗಣಪತಿ ಕಿರೀಟಕ್ಕೆ. ಭಾರ ಹೊರ್ಲಿಕ್ಕೆ ಬೆಸುಗೆ ಹಾಕಿದ ಗಟ್ಟಿ ಬಲೆ, ವೆಲ್ಡ್‌ಮೆಶ್ ಬೇಕು, ಇದು ಕೋಳಿ ತಡೆಯೋ ಮಾಲು. ಇವ್ರು ತೋಟಕ್ಕೆ ಓಡಿ ದಬ್ಬೆ ತಂದು ಅಡ್ಡ ಉದ್ದ ಕೊಟ್ಟು ಕಟ್ಟಿದ್ರು.

ಗಣಪತಿ ನೋಡ್ಲಿಕ್ಕೆ ಬಂದ ಆಚೆಮನೆ ಚಿಕ್ಕಮ್ಮ ಕತ್ತೆತ್ತಿ, "ಈ ಸಲ ಫಲಾವಳಿ ಚೊಲೊ ಆಜು" ಅಂದ್ರು. ಕವಳ ಹಾಕ್ತಾ ಹತ್ರ ಕರೆದು, "ತಂಗಿ, ಆ ಬುಟ್ಟಿ ಹಾಂಗಿದ್ದು ಎಂಗೂ ಒಂದು ಮಾಡಿಕೊಡೆ, ಬಪ್ಪ ವರ್ಷದ ಹಪ್ಪಳಕ್ಕೆ." ಬುಟ್ಟಿ ಅಲ್ಲ, ಲ್ಯಾಂಪು ಅದು, ಲೈಟ್ ಸಮೇತ ಕೊಡ್ತೆ ಅಂದೆ.

"ಲೈಟು ಬ್ಯಾಡದೇ. ಹಪ್ಪಳ ಬಿಸ್ಲಲ್ಲೇ ಒಣಗ್ತು."