ರಾಕ್ಷಸನ ಬಾಯಿ ಮೊದಲು, ಅಬ್ಬರ ಆಮೇಲೆ

ಕಂಪ್ಯೂಟರ್ ಗೊತ್ತಿದೆ ಅಂತ ಸಂಘದಲ್ಲಿ ಒಮ್ಮೆ ಬಾಯಿ ಬಿಟ್ಟರೆ ಮುಗಿಯಿತು. ಆಮೇಲೆ ಪ್ರಿಂಟರ್ ಕೈಕೊಟ್ಟರೂ ನಿಮಗೇ ಫೋನು, ಹಾಲಿನ ಫ್ಯಾನ್ ತಿರುಗದಿದ್ದರೂ ನಿಮಗೇ ಫೋನು. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಸಂಘದ ಯಕ್ಷಗಾನದ ವಿಡಿಯೋ ಹೀಗೇ ನನ್ನ ತಲೆಗೆ ಬಿತ್ತು.

ಕಾರ್ಯದರ್ಶಿಗಳ ಹೊಸ ಮೊಬೈಲಿನ ಎಚ್‌ಇವಿಸಿ ಅನ್ನುವ ಹೊಸ ಬಗೆಯ ವಿಡಿಯೋ ಫೈಲು ಅವರ ಹಳೇ ಟಿವಿಯಲ್ಲಿ ಓಡಲಿಲ್ಲವಂತೆ. ಅವರ ಮಗ ನೆಟ್‌ನಲ್ಲಿ ಸಿಕ್ಕ ಯಾವುದೋ ಪುಕ್ಕಟೆ ಕನ್ವರ್ಟರಿಗೆ ಹಾಕಿ ಬೇರೆ ಫೈಲು ಮಾಡಿಕೊಟ್ಟ. ಟಿವಿಗೆ ಅದು ಹಿಡಿಸಿತು. ಕಾರ್ಯದರ್ಶಿಗಳಿಗೆ ಹಿಡಿಸಲಿಲ್ಲ.

ಏನು ತೊಂದರೆ ಅಂತ ಫೋನಿನಲ್ಲೇ ಹೇಳಬಹುದಿತ್ತು. ಇವರು ಸಂಜೆಯ ಲೋಕಲಿನಲ್ಲಿ ನನ್ನನ್ನು ಹಿಡಿದರು. ಕುರ್ಲಾ ದಾಟಿದ ಮೇಲೆ ಕಾಲಿಡಲೂ ಜಾಗ ಇರುವುದಿಲ್ಲ, ನಿಮಗೆ ಗೊತ್ತೇ ಇದೆ. "ಎಂತ ಆಗ್ತದೆ ಅಂದ್ರೆ ಮಾರಾಯ್ರೇ, ನೋಡಿ" ಅಂದವರೇ ಕಣ್ಣು ಕೆಂಪು ಮಾಡಿ, ಬಾಯಿ ಇಷ್ಟಗಲ ತೆರೆದರು. ಸದ್ದಿಲ್ಲ. ಬಾಯಿ ಮುಚ್ಚಿದರು. ಮನಸ್ಸಿನಲ್ಲೇ ಎರಡು ಎಣಿಸಿರಬೇಕು, ಆಮೇಲೆ ತುಟಿ ಬಿಚ್ಚದೆ ಗಂಟಲಿನಿಂದಲೇ "ಹ್ಹೂಂ...!" ಅಂತ ಅಬ್ಬರಿಸಿದರು. ಮೂವರ ಬೆಂಚಿನ ನಾಲ್ಕನೇ ಸೀಟಿನ ತುದಿಯಲ್ಲಿ ಹೇಗೋ ಕೂತಿದ್ದ ಒಬ್ಬರು ಎದ್ದೇ ಬಿಟ್ಟರು. ಆ ಸೀಟಿನಲ್ಲಿ ಇವರು ಕೂತು, "ಅರ್ಥ ಆಗ್ಲಿಲ್ವಾ? ಇನ್ನೊಮ್ಮೆ ತೋರಿಸ್ಲಾ?" ಅಂದರು. ಬೇಡ ಅನ್ನುವಷ್ಟರಲ್ಲಿ ಅವರ ಕೈಯಲ್ಲಿ ಇಲ್ಲದ ಚೆಂಡೆಯ ಕೋಲು ಮೇಲೇಳತೊಡಗಿತ್ತು.

ಫೈಲು ನೋಡಿದರೆ ಮೊದಲ ಅರ್ಧ ಗಂಟೆ ಸರಿಯಾಗಿಯೇ ಇತ್ತು. ರಾಕ್ಷಸ ಬಂದ ಮೇಲೆ ಕೆಟ್ಟದ್ದು. ಯಾಕೆಂದರೆ ಬಣ್ಣದ ವೇಷದ ಪ್ರವೇಶಕ್ಕೆ ಹಾಲಿನ ಲೈಟು ಆರಿಸಿದ್ದರು. ಸೆಕೆಂಡಿಗೆ 30 ಚಿತ್ರ ತೆಗೆಯುತ್ತೇನೆ ಅನ್ನುವ ಮೊಬೈಲು ಕತ್ತಲಾದರೆ ಸುಮ್ನೆ 24ಕ್ಕೋ ಇನ್ನೂ ಕೆಳಕ್ಕೋ ಇಳಿದುಬಿಡುತ್ತದೆ. ಆ ಕನ್ವರ್ಟರ್ ಎಲ್ಲವನ್ನೂ 30ರ ಲೆಕ್ಕದಲ್ಲೇ ಜೋಡಿಸಿತ್ತು. ಹತ್ತು ಸೆಕೆಂಡಿನ 240 ಚಿತ್ರಗಳು ಎಂಟೇ ಸೆಕೆಂಡಿಗೆ ಖಾಲಿ. ಧ್ವನಿ ಮಾತ್ರ ತನ್ನ ಹತ್ತು ಸೆಕೆಂಡು ಬಿಟ್ಟುಕೊಡುವುದಿಲ್ಲ. ಈ ರಗಳೆ ಹಳೆಯದೇ ಬಿಡಿ. ಅಮೆರಿಕದವರು 1953ರಲ್ಲಿ ಟಿವಿಗೆ ಬಣ್ಣ ಹಚ್ಚುವಾಗ 30 ಅನ್ನು 29.97 ಮಾಡಿಟ್ಟರು. ಅದನ್ನು 30 ಅಂತ ಓಡಿಸಿದರೆ ಚಿತ್ರಕ್ಕೂ ಧ್ವನಿಗೂ ಗಂಟೆಗೆ 3.6 ಸೆಕೆಂಡು ವ್ಯತ್ಯಾಸ.

ಇಷ್ಟನ್ನೂ ಕಾರ್ಯದರ್ಶಿಗಳಿಗೆ ವಿವರಿಸಿದೆ. "ಅದೆಲ್ಲ ಸರಿ, ಆಡಿಯೋ ಸ್ವಲ್ಪ ಮುಂದೆ ಎಳೆಯಿರಿ, ಆಯ್ತಲ್ಲ" ಅಂದರು. ಉದ್ದಕ್ಕೂ ಒಂದೇ ಸಮ ತಡವಾಗಿದ್ದರೆ ಎಳೆಯಬಹುದಿತ್ತು. ಇಲ್ಲಿ ಕೊನೆ ಸರಿಮಾಡಲು ಎಳೆದರೆ ಶುರುವಿನಲ್ಲಿ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ನಡೆಯುವ ಗಣಪತಿ ಪೂಜೆಯೇ ಕೆಡುತ್ತದೆ. ವಿಎಲ್‌ಸಿ ಅನ್ನುವ ವಿಡಿಯೋ ಓಡಿಸುವ ತಂತ್ರಾಂಶದಲ್ಲಿ ಜೆ ಒತ್ತಿದರೆ ಧ್ವನಿ 50 ಮಿಲಿಸೆಕೆಂಡು ಬೇಗ ಬರುತ್ತದೆ ಅಂತ ಬಾಯಿತಪ್ಪಿ ಹೇಳಿದ್ದೇ ತಡ, ನನ್ನ ಲ್ಯಾಪ್‌ಟಾಪ್ ಎಳೆದುಕೊಂಡರು. ಮಾತಿಗೊಂದು ಜೆ, ಕುಣಿತಕ್ಕೊಂದು ಜೆ. ಚಾ ತಣ್ಣಗಾದರೂ ಬೆರಳು ಎತ್ತಲಿಲ್ಲ. ಆ ಕೀ ಈಗ ಸರಿಯಾಗಿ ಮೇಲೇಳುವುದಿಲ್ಲ.

ನಿಜ ಹೇಳಬೇಕೆಂದರೆ, ಆ ರಾಕ್ಷಸನಿಗಾಗಿಯೇ ನಾನು ಮತ್ತೆ ಕೂತೆ. ಮಾಟುಂಗಾದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುವವರು ಆ ವೇಷಧಾರಿ. ಬಿಲ್ಲು, ಚಿಲ್ಲರೆ, ಮೆತ್ತಗಿನ ಒಂದು "ಬರ್ತೀರಾ?" ಬಿಟ್ಟರೆ ಮಾತಿಲ್ಲ. ವರ್ಷಕ್ಕೊಮ್ಮೆ ಗಂಟಲು ಬಿಚ್ಚುತ್ತಾರೆ. ಅದೂ ಬಾಯಿ ಮುಚ್ಚಿದ ಮೇಲೆ ಕೇಳಿಸಿದರೆ ಹೇಗೆ?

ಮೂಲ ಫೈಲು ತರಿಸಿ, ವಿಡಿಯೋ ರೂಪ ಬದಲಿಸುವ ಹ್ಯಾಂಡ್‌ಬ್ರೇಕ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' (ಸೆಕೆಂಡಿಗೆ ಚಿತ್ರ ಉದ್ದಕ್ಕೂ ಒಂದೇ ಲೆಕ್ಕ) ಆರಿಸಿ ಮತ್ತೆ ತಿರುಗಿಸಿದೆ. ಕತ್ತಲಲ್ಲಿ ಕಡಿಮೆ ಬಿದ್ದ ಕಡೆ ಅದು ಅದೇ ಚಿತ್ರವನ್ನು ಮತ್ತೊಮ್ಮೆ ಸೇರಿಸಿ ಲೆಕ್ಕ ತುಂಬಿಸುತ್ತದೆ. ಬಾಯಿ, ಅಬ್ಬರ ಎರಡೂ ಒಟ್ಟಿಗೆ. ಪೆನ್‌ಡ್ರೈವ್ ಕೊಟ್ಟು ಕೈತೊಳೆದುಕೊಂಡೆ.

ರಾತ್ರಿ ಫೋನು. "ಸ್ವಲ್ಪ ತಡ ಆಗ್ತಾ ಉಂಟಲ್ಲ ಮಾರಾಯ್ರೇ?"

ವಿಚಾರಿಸಿದರೆ, ಮಗ ಟಿವಿಗೆ ಹೊಸ ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದಾನೆ. ಬ್ಲೂಟೂತ್‌ನಲ್ಲಿ ಧ್ವನಿ ಬರುವುದೇ ತುಸು ತಡ, ವಯರ್ ಹಾಕಿ ಅಂದೆ. ಆ ಕಡೆ ಕೊಂಚ ಹೊತ್ತು ಯೋಚನೆ ನಡೆಯಿತು.

"ಹಾಗಾದ್ರೆ ಸ್ಪೀಕರನ್ನು ಟಿವಿಗೆ ಸ್ವಲ್ಪ ಹತ್ತಿರ ಇಡ್ಲಾ?"